ತೂಕ ತಪ್ಪಿದ ಸುಣ್ಣ

ಪ್ರಾಥಮಿಕ ಶಾಲೆಯ ಅಧ್ಯಾಪಕರಾದ ನಮಗೆ ರಸಾಯನಶಾಸ್ತ್ರದ ಪರಿಚಯವು ತರಬೇತಿಯ ದಿನಗಳಲ್ಲಿಯೇ ಮಸುಕಾಗಿತ್ತು. ಆದರೂ ಚಂದ್ರಗಿರಿ ಹೊಳೆಯ ದಡದ ನಮ್ಮೂರಿನಲ್ಲಿ, ನೆರೆಮನೆಯ ಹತ್ತನೆಯ ತರಗತಿಯ ಬಾಲಕಿಯು ಮನೆಯಲ್ಲಿ ಬಿಡಿಸಿ ತರಬೇಕಾದ ಲೆಕ್ಕವನ್ನು ಹಿಡಿದು ಬಂದಾಗ ‘ತಿಳಿಯದು’ ಎನ್ನಲು ನಾಲಗೆ ಏಳಲಿಲ್ಲ. 250 ಗ್ರಾಂ ಶುದ್ಧ ಸುಣ್ಣಕಲ್ಲನ್ನು ಪೂರ್ತಿಯಾಗಿ ಸುಟ್ಟರೆ ದೊರೆಯುವ ಸುಟ್ಟಸುಣ್ಣವೆಷ್ಟು? ದ್ರವ್ಯವು ನಾಶವಾಗದೆಂಬ ನಿಯಮವನ್ನು ಗಂಭೀರವಾಗಿ ಉಚ್ಚರಿಸಿ, 250 ಗ್ರಾಂ ಎಂದೇ ಬರೆಯಿಸಿದೆವು.

“ಅಜ್ಜಿ ಮರುವಾಯಿ ಚಿಪ್ಪು ಸುಡುತ್ತಿದ್ದಾಗ ಬುಟ್ಟಿ ಹಗುರವಾಗುತ್ತಿತ್ತಲ್ಲ, ಮಾಷ್ಟ್ರೇ?” ಎಂದಳು.

“ಅದು ನೀರಿನ ಪಸೆ ಆರಿದ್ದರಿಂದ” ಎಂದು ಬಾಯಿ ಮುಚ್ಚಿಸಿದೆವು.

ಮರುದಿನ ಪುಸ್ತಕದಲ್ಲಿ ಕೆಂಪು ಗೆರೆ. ಹೇಳಿಕೊಟ್ಟವರಾರೆಂದು ಶಾಲೆಯಲ್ಲಿ ಕೇಳಿದಾಗ ಆಕೆ ನಮ್ಮ ಹೆಸರನ್ನು ಎತ್ತಲಿಲ್ಲವಂತೆ. ಆ ಗೆರೆಗಿಂತಲೂ ನಮ್ಮನ್ನು ಚುಚ್ಚಿದುದು ಇದು.

ರಾತ್ರಿ ಅವಳ ಪಠ್ಯಪುಸ್ತಕವನ್ನೇ ಎರವಲು ತಂದು ಕುಳಿತೆವು. ಕ್ಯಾಲ್ಸಿಯಂ 40, ಇಂಗಾಲ 12, ಆಮ್ಲಜನಕ ಮೂರು ಹದಿನಾರು 48, ಒಟ್ಟು 100. ಚಿಪ್ಪೂ ಬಹುಪಾಲು ಇದೇ ವಸ್ತು. ಸುಡುವಾಗ 44 ಪಾಲು ಇಂಗಾಲದ ಡೈಆಕ್ಸೈಡಾಗಿ ಗಾಳಿಗೆ ಸೇರುತ್ತದೆ. 56 ಪಾಲು ಸುಣ್ಣವಾಗಿ ಉಳಿಯುತ್ತದೆ. ಅಂದರೆ 250ಕ್ಕೆ 140 ಗ್ರಾಂ ಸುಣ್ಣ, 110 ಗ್ರಾಂ ಅನಿಲ. ಕೂಡಿದರೆ ಮತ್ತೆ 250! ನಿಯಮವು ಸರಿಯಾಗಿಯೇ ಇತ್ತು. ಗೂಡಿನ ಬಾಯಿಂದ ಹೊರಟುಹೋದುದನ್ನು ನಾವು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಬೆಳಿಗ್ಗೆ ಪುಸ್ತಕವನ್ನು ಮರಳಿಸುತ್ತ, ತಪ್ಪು ನಮ್ಮದೆಂದೂ ಹುಡುಗಿಯ ಮಾತೇ ಸರಿಯೆಂದೂ ಅಜ್ಜಿಯ ಎದುರಿಗೇ ಒಪ್ಪಿಕೊಂಡೆವು. ಆಕೆ ವೀಳ್ಯದೆಲೆಗೆ ಸುಣ್ಣ ಸವರುತ್ತ, “ನಾವು ತೂಗಿದವರೇ ಅಲ್ಲ ಮಾಷ್ಟ್ರೇ, ಸೇರಿನಲ್ಲಿ ಅಳೆದು ಕೊಡುತ್ತಿದ್ದೆವು” ಎಂದರು.