ಓಚನೊಮಿಜುವಿನ ಗಿಟಾರ್ ಬೀದಿ

ಟೋಕಿಯೋ ನಗರದ ಓಚನೊಮಿಜು ಎಂಬ ಹೆಸರಿಗೆ ‘ಚಹಾದ ನೀರು’ ಎಂದರ್ಥ. ಹಿಂದೆ ಇಲ್ಲಿಯ ಬುಗ್ಗೆಯ ನೀರು ಷೋಗನ್ನನ ಚಹಾಕ್ಕೆ ಹೋಗುತ್ತಿತ್ತಂತೆ. ಈಗ ರೈಲು ನಿಲ್ದಾಣದಿಂದ ಮೇಜಿ ವಿಶ್ವವಿದ್ಯಾನಿಲಯದ ಕಡೆಗೆ ಇಳಿಯುವ ಬೀದಿಯಲ್ಲಿ ಎತ್ತ ನೋಡಿದರೂ ಗಿಟಾರಿನ ಅಂಗಡಿಗಳು. ನಾನು ಅರಸಿ ಹೋದದ್ದು ನಾಲ್ಕು ತಂತಿಯ ಬಾಸ್ ಗಿಟಾರನ್ನು. ಸಭೆಯಲ್ಲಿ ನುಡಿಸುವ ಹಂಬಲವೇನೂ ಇಲ್ಲ. ಸಂಜೆಯ ಒಂದು ಗಂಟೆಯ ಸಂತೋಷ ಸಾಕು.

ಆಳೆತ್ತರದ ಡಬಲ್ ಬಾಸನ್ನು ಹೊತ್ತು ತಿರುಗುವ ಕಷ್ಟವನ್ನು ನೀಗಿದವರಲ್ಲಿ ಕ್ಯಾಲಿಫೋರ್ನಿಯದ ಲಿಯೋ ಫೆಂಡರ್ ಮುಖ್ಯರು. 1951ರಲ್ಲಿ ಅವರು ಹೊರತಂದ ‘ಪ್ರಿಸಿಷನ್’ ಬಾಸಿಗೆ ನಮ್ಮ ವೀಣೆಯಂತೆ ಮೆಟ್ಟಿಲುಗಳಿದ್ದುವು. ಸ್ವರ ತಪ್ಪುವ ಭಯ ತಗ್ಗಿತು.

ಮಹಡಿಯ ಅಂಗಡಿಯೊಂದರಲ್ಲಿ ನನಗೆ ಎಟುಕಿದ್ದು 20,000 ಯೆನ್ನಿನ ಹಳೆಯ ವಾದ್ಯ. ತಂತಿಗಳು ಎಷ್ಟು ಎತ್ತರದಲ್ಲಿದ್ದುವೆಂದರೆ ಎರಡು ನಿಮಿಷದಲ್ಲಿ ಬೆರಳು ನೊಂದಿತು. ಅಗ್ಗದ ಹಣೆಬರಹವೇ ಇಷ್ಟೆಂದು ಕೆಳಗಿಟ್ಟೆ. ಅಂಗಡಿಯ ಮುದುಕ ಮಾತಾಡಲಿಲ್ಲ. ವಾದ್ಯದ ಕತ್ತಿನೊಳಗಿನ ಉಕ್ಕಿನ ಸರಳನ್ನು ಕಾಲು ಸುತ್ತು ಬಿಗಿದ. ತಂತಿ ಕುಳಿತ ಕುದುರೆಗಳನ್ನು ತಗ್ಗಿಸಿದ. ಹನ್ನೆರಡನೆಯ ಮೆಟ್ಟಿಲಿನ ಮೇಲೆ ತಂತಿಯನ್ನು ಬರಿದೇ ಸೋಕಿ ಒಮ್ಮೆ, ಒತ್ತಿ ಒಮ್ಮೆ ಮೀಟಿದ. ಒತ್ತಿದ ಸ್ವರ ಕೊಂಚ ಏರಿತ್ತು. ಕುದುರೆಯನ್ನು ಕೂದಲೆಳೆಯಷ್ಟು ಹಿಂದಕ್ಕೆ ಸರಿಸಿದ, ಎರಡೂ ಕೂಡಿಕೊಂಡವು. ಕಾಲು ಗಂಟೆಯ ಕೆಲಸ, ಅದಕ್ಕೆ ಬೇರೆ ಹಣವನ್ನೂ ಕೇಳಲಿಲ್ಲ. ನಾನು ಬೇಡವೆಂದ ವಾದ್ಯವೇ ಅದೆಂದು ನಂಬಲು ಮತ್ತೆ ನುಡಿಸಿ ನೋಡಬೇಕಾಯಿತು.

ರಾತ್ರಿ ಬಿಡಾರದಲ್ಲಿ ಧ್ವನಿವರ್ಧಕವಿರಲಿಲ್ಲ. ವಾದ್ಯದ ತಲೆಯನ್ನು ಮರದ ಬೀರುವಿಗೆ ಒತ್ತಿ ಮಂದ್ರದ ತಂತಿಯನ್ನು ಮೀಟಿದೆ. ಬೀರುವೆಲ್ಲ ಮೊರೆಯಿತು; ಪಕ್ಕದ ಕೋಣೆಯವರು ಗೋಡೆ ತಟ್ಟಿದರು.