ಬೆಂಚಿನಲ್ಲಿ ನನ್ನ ಜಾಗ

2020ರ ಏಪ್ರಿಲ್ 12ರಂದು ಈಸ್ಟರ್. ದೇಶಕ್ಕೆ ದೇಶವೇ ಲಾಕ್‌ಡೌನಿನಲ್ಲಿತ್ತು. ಧಾರವಾಡದ ನಮ್ಮ ಚರ್ಚಿನ ಸಭಾಪಾಲಕರು ಖಾಲಿ ಬೆಂಚುಗಳ ಎದುರು ನಿಂತು ಪುನರುತ್ಥಾನದ ಸುವಾರ್ತೆ ಓದಿದರು. ನಾವು ಮನೆಮಂದಿ ಒಂದು ಮೊಬೈಲಿನ ಸುತ್ತ ಕೂತು ಕೇಳಿದೆವು. ಅಂದು ಆ ಮೊಬೈಲು ನಮ್ಮ ಪಾಲಿಗೆ ದೇವರ ದಯೆಯೇ ಆಗಿತ್ತು. ಬಾಗಿಲು ಮುಚ್ಚಿದ್ದಾಗ ನಾನು ತಪ್ಪಲಿಲ್ಲ. ತೆರೆದ ಮೇಲೆ ತಪ್ಪಿದೆ.

ಎರಡನೆಯ ಅಲೆ ಇಳಿದು 2021ರ ಜುಲೈನಲ್ಲಿ ರಾಜ್ಯದ ಪ್ರಾರ್ಥನಾ ಸ್ಥಳಗಳು ಮತ್ತೆ ತೆರೆದವು. ಜನ ಒಬ್ಬೊಬ್ಬರಾಗಿ ಆರಾಧನೆಗೆ ಮರಳಿದರು. ನಾನು ಮರಳಲಿಲ್ಲ. ಸೋಂಕಿನ ಭಯ ಎಂದು ಹೇಳಿಕೊಂಡೆ, ಆದರೆ ಮದುವೆಗಳಿಗೂ ಸಂತೆಗೂ ಹೋಗಿ ಬರುತ್ತಿದ್ದೆ. ಆಮೇಲೆ ಆಫೀಸಿನ ದಣಿವು ಎಂಬ ಕಾರಣ ಸಿಕ್ಕಿತು. ಆರಾಧನೆಯ ನೇರಪ್ರಸಾರ ಹೇಗೂ ಬರುತ್ತಲೇ ಇತ್ತು. ಪ್ರಸಂಗ ಕೇಳುತ್ತಿದ್ದೆ, ಪ್ರಾರ್ಥನೆಗೆ ಕಣ್ಣು ಮುಚ್ಚುತ್ತಿದ್ದೆ, ಕಾಣಿಕೆಯನ್ನು ಯುಪಿಐ ಮೂಲಕ ಕಳಿಸುತ್ತಿದ್ದೆ. ಏನೂ ಕಡಿಮೆಯಾಗಿಲ್ಲ ಎಂದೇ ನಂಬಿದ್ದೆ. ಆರಾಧನೆಯಿಂದ ನನಗೇನು ದೊರೆಯುತ್ತದೆ ಎಂದಷ್ಟೇ ಲೆಕ್ಕ ಹಾಕಿದ್ದೆ. ನನ್ನಿಂದ ಯಾರಿಗೆ ಏನು ಸಲ್ಲಬೇಕು ಎಂಬುದು ಹೊಳೆಯಲೇ ಇಲ್ಲ.

ನಮ್ಮ ಸಭೆಯ ಹಾಡುಗಳಿಂದಲೇ ಅದು ಹೊಳೆಯಬೇಕಿತ್ತು. ಬಾಸೆಲ್ ಮಿಷನ್ನಿನ ಮಿಷನರಿಗಳು 1834ರಲ್ಲಿ ಮಂಗಳೂರಿಗೂ 1837ರಲ್ಲಿ ಧಾರವಾಡಕ್ಕೂ ಬಂದರು. ಅವರು ತಂದ ಜರ್ಮನ್ ರಾಗಗಳಿಗೆ ಕನ್ನಡದ ಮಾತು ಕೂಡಿ ಹುಟ್ಟಿದ ಹಾಡುಗಳನ್ನು ಈ ಸೀಮೆಯ ಸಭೆಗಳು ಇಂದಿಗೂ ಹಾಡುತ್ತವೆ. ಸೊಪ್ರಾನೊ, ಆಲ್ಟೊ, ಟೆನರ್, ಬೇಸ್ ಎಂದು ನಾಲ್ಕು ದನಿ ಸೇರಿದರೇನೇ ಅವು ತುಂಬಿ ಬರುವುದು. ನಾನು ಬೇಸ್ ಹಾಡುವವನು. ಬೇಸ್ ಒಂದನ್ನೇ ಮನೆಯಲ್ಲಿ ಹಾಡಿದರೆ ಅದು ಯಾವ ಹಾಡೆಂದೇ ಗುರುತು ಹತ್ತುವುದಿಲ್ಲ. ಹಾಗಾಗಿ ಮೊಬೈಲಿನ ಮುಂದೆ ಕೂತ ಕೆಲವೇ ವಾರಗಳಲ್ಲಿ ನಾನು ಹಾಡುವುದನ್ನು ಬಿಟ್ಟು ಬರೀ ಕೇಳುವವನಾದೆ. ಅದು ಆಗಲೇ ನನ್ನನ್ನು ಎಚ್ಚರಿಸಬೇಕಿತ್ತು.

ಚರ್ಚಿನಲ್ಲಿ ನನ್ನ ಪಕ್ಕ ಒಬ್ಬ ನಿವೃತ್ತ ಮಾಸ್ತರರು ಕೂಡುತ್ತಿದ್ದರು. ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಅವರದು ಟೆನರ್. ದೃಷ್ಟಿ ಮಂದವಾಗಿದ್ದರಿಂದ ಹಾಡಿನ ಪುಸ್ತಕ ಓದಲಾಗುತ್ತಿರಲಿಲ್ಲ. ಪ್ರತಿ ಚರಣದ ಮೊದಲ ಮಾತನ್ನು ನಾನು ಮೆಲ್ಲಗೆ ಹೇಳಿಕೊಟ್ಟರೆ ಸಾಕು, ಉಳಿದದ್ದು ಅವರಿಗೆ ಬಾಯಿಪಾಠ. ಅದನ್ನು ನಾನೊಂದು ಸೇವೆಯೆಂದು ಎಂದೂ ಎಣಿಸಿರಲಿಲ್ಲ. ನಾನು ಹೋಗುವುದನ್ನು ಬಿಟ್ಟ ಮೇಲೆ ಅವರಿಗೆ ಮೊದಲ ಮಾತು ಹೇಳಿಕೊಡುವವರು ಯಾರು ಎಂದೂ ಯೋಚಿಸಲಿಲ್ಲ.

ಒಂದು ಸಂಜೆ ಅವರೇ ಫೋನ್ ಮಾಡಿದರು.

“ಆರಾಮ ಇದ್ದೀಯಿಲ್ಲೊ ತಮ್ಮಾ? ಭಾಳ ದಿನಾತು, ಚರ್ಚಿನ್ಯಾಗ ಕಾಣವಲ್ಲಿ.”

“ಆರಾಮ ಇದ್ದೀನ್ರಿ ಮಾಸ್ತರ್. ಪ್ರತಿ ವಾರ ಮೊಬೈಲಿನ್ಯಾಗ ನೋಡ್ತೀನ್ರಿ.”

“ನೀ ನಮ್ಮನ್ನ ನೋಡ್ತಿ, ಖರೆ. ನಾವು ನಿನ್ನ ಹ್ಯಾಂಗ ನೋಡೂಣು?”

ಬರುವ ಭಾನುವಾರ ಬರುತ್ತೇನೆಂದು ಮಾತು ಕೊಟ್ಟೆ. ಹೋಗಲಿಲ್ಲ. ಮುಂದಿನ ಭಾನುವಾರವೂ ಹೋಗಲಿಲ್ಲ.

ಮುಂದಿನ ಮಳೆಗಾಲದಲ್ಲಿ ಮಾಸ್ತರರು ಹಾಸಿಗೆ ಹಿಡಿದರು. ಅವರ ಜಾಗ ಖಾಲಿ ಇದ್ದದ್ದನ್ನು ಕಂಡು ಹಿಂದಿನ ಸಾಲಿನವರು ಆರಾಧನೆ ಮುಗಿದೊಡನೆ ನೆಟ್ಟಗೆ ಅವರ ಮನೆಗೆ ಹೋದರಂತೆ. ಗಂಜಿ ಕಾಯಿಸಿ ಕೊಟ್ಟರು, ಆಸ್ಪತ್ರೆಯಲ್ಲಿ ಪಾಳಿ ಹಚ್ಚಿ ರಾತ್ರಿ ಕಳೆದರು. ಸಭಾಪಾಲಕರು ಕರ್ತನ ಭೋಜನವನ್ನು ಅವರ ಹಾಸಿಗೆಯ ಬಳಿಗೇ ಒಯ್ದರು. ಇದೊಂದೂ ನನಗೆ ತಿಳಿಯಲಿಲ್ಲ. ಕ್ಯಾಮೆರಾ ಪ್ರಸಂಗ ಪೀಠದ ಕಡೆಗಿತ್ತು, ನಮ್ಮ ಬೆಂಚು ಅದರೊಳಗೆ ಬರುತ್ತಲೇ ಇರಲಿಲ್ಲ. ಅಸ್ವಸ್ಥರಿಗಾಗಿ ಪ್ರಾರ್ಥಿಸುವಾಗ ಅವರ ಹೆಸರು ಹೇಳಿದ್ದರಂತೆ. ಅಷ್ಟೊತ್ತಿಗೆ ನಾನು ದನಿ ತಗ್ಗಿಸಿ ಚಹಾಕ್ಕೆ ಎದ್ದಿರಬೇಕು. ಅವರು ತೀರಿಕೊಂಡ ಸುದ್ದಿ ಸಭೆಯ ವಾಟ್ಸಾಪ್ ಗುಂಪಿನಲ್ಲಿ ಬಂದಿತ್ತು. ನಾನು ಅದನ್ನು ತೆರೆದು ನೋಡಿದಾಗ ಸಂಜೆಯಾಗಿತ್ತು, ಮಣ್ಣು ಮುಗಿದಿತ್ತು.

ಪ್ರತಿ ವಾರ ಆರಾಧನೆಯನ್ನು ಮೊದಲಿನಿಂದ ಕೊನೆಯವರೆಗೆ ನೋಡುತ್ತಿದ್ದೇನೆ ಎಂದುಕೊಂಡವನಿಗೆ ಪಕ್ಕದಲ್ಲಿ ಕೂಡುವ ಮನುಷ್ಯ ಸಾಯುತ್ತಿರುವುದು ಗೊತ್ತಾಗಲಿಲ್ಲ. ಇದಕ್ಕೆ ತಂತ್ರಜ್ಞಾನವನ್ನು ದೂರಲಾರೆ. ಕರೆದವರು ಇದ್ದರು, ದಾರಿ ಹತ್ತಿರವಿತ್ತು, ಕಾಲು ಗಟ್ಟಿಯಿದ್ದವು. ಹೋಗದೆ ಉಳಿದವನು ನಾನು.

ಆ ದಿನಗಳಲ್ಲಿ ಹಳೆಯ ಬರಹಗಳನ್ನು ಹೊಸ ಕಣ್ಣಿನಿಂದ ಓದಿದೆ. ಕ್ರಿ.ಶ. 155ರ ಸುಮಾರಿಗೆ ರೋಮಿನಲ್ಲಿದ್ದ ಜಸ್ಟಿನ್ ಎಂಬ ಕ್ರೈಸ್ತ ವಿದ್ವಾಂಸ ಚಕ್ರವರ್ತಿ ಆಂಟೊನೈನಸ್ ಪಯಸ್‌ಗೆ ಒಂದು ಅರಿಕೆ ಬರೆದ. ಮುಂದೆ ತನ್ನ ನಂಬಿಕೆಗಾಗಿಯೇ ಪ್ರಾಣ ಕೊಟ್ಟವನು ಅವನು. ಭಾನುವಾರ ಪಟ್ಟಣದವರೂ ಹಳ್ಳಿಯವರೂ ಒಂದೆಡೆ ಕೂಡುತ್ತಾರೆ, ವಾಕ್ಯ ಓದುತ್ತಾರೆ, ಎದ್ದು ನಿಂತು ಪ್ರಾರ್ಥಿಸುತ್ತಾರೆ, ರೊಟ್ಟಿ ಮತ್ತು ದ್ರಾಕ್ಷಾರಸ ಹಂಚಿಕೊಳ್ಳುತ್ತಾರೆ ಎಂದು ಅದರಲ್ಲಿ ವಿವರಿಸಿದ್ದಾನೆ. ಬಾರದವರ ಪಾಲನ್ನು ಸಭಾಸೇವಕರು ಒಯ್ದು ಮುಟ್ಟಿಸುತ್ತಾರೆ, ಕೂಡಿದ ಹಣ ಅನಾಥರಿಗೆ, ವಿಧವೆಯರಿಗೆ, ರೋಗಿಗಳಿಗೆ, ಸೆರೆಯಲ್ಲಿರುವವರಿಗೆ ಸಲ್ಲುತ್ತದೆ ಎಂದೂ ಹೇಳಿದ್ದಾನೆ. ಬಾರದವರ ಪಾಲು ಎತ್ತಿಡಬೇಕಾದರೆ ಯಾರು ಬಂದಿಲ್ಲ ಎಂಬುದು ಮೊದಲು ತಿಳಿಯಬೇಕು. ಕೂಡಿ ಬಂದ ಸಭೆಗೆ ಮಾತ್ರ ಅದು ತಿಳಿಯುತ್ತದೆ. ಮಾಸ್ತರರ ಮನೆಗೆ ಗಂಜಿ ಹೋದದ್ದೂ ಕರ್ತನ ಭೋಜನ ಹೋದದ್ದೂ ಇದೇ ದಾರಿಯಿಂದ.

ಬೈಬಲಿನಲ್ಲಿ ಇಬ್ರಿಯರಿಗೆ ಬರೆದ ಪತ್ರಿಕೆಯ 10ನೆಯ ಅಧ್ಯಾಯದಲ್ಲಿ ಸಭೆಯಾಗಿ ಕೂಡುವುದನ್ನು ಬಿಡುವ ರೂಢಿ ಕೆಲವರಲ್ಲಿ ಬೆಳೆದದ್ದರ ಮಾತು ಬರುತ್ತದೆ. ಆ ರೂಢಿಗೆ ಮದ್ದಾಗಿ ಪತ್ರಿಕೆ ಹೇಳುವುದು ಒಬ್ಬರನ್ನೊಬ್ಬರು ಪ್ರೀತಿಗೂ ಸತ್ಕಾರ್ಯಕ್ಕೂ ಹುರಿದುಂಬಿಸುವುದನ್ನು. ನನ್ನ ನಂಬಿಕೆ ಕಾಪಾಡಿಕೊಳ್ಳಲೆಂದಷ್ಟೇ ನಾನು ಹೋಗುವುದಲ್ಲ, ಪಕ್ಕದವರ ನಂಬಿಕೆಗೆ ಆಸರೆಯಾಗಲೂ ಹೋಗಬೇಕು. ಯೋಹಾನನ ಎರಡನೆಯ ಪತ್ರಿಕೆಯ ಕೊನೆಯಲ್ಲಿ ಬರೆಯುವುದು ಇನ್ನೂ ಬಹಳವಿದ್ದರೂ ಕಾಗದ, ಮಸಿ ಬಳಸಲು ಮನಸ್ಸಿಲ್ಲ, ಎದುರುಬದುರು ಕೂತು ಮಾತಾಡಿದರೇ ಸಂತೋಷ ಪೂರ್ಣವಾಗುವುದು ಎಂಬ ಆಸೆ ಇದೆ. ಜರ್ಮನಿಯ ಡೀಟ್ರಿಚ್ ಬಾನ್‌ಹಾಫರ್ ನಡೆಸುತ್ತಿದ್ದ ದೇವಜ್ಞಾನ ಶಾಲೆಯನ್ನು ನಾಜಿಗಳ ಗೆಸ್ಟಾಪೊ 1937ರಲ್ಲಿ ಮುಚ್ಚಿಸಿತು. ಅಲ್ಲಿ ಒಟ್ಟಿಗೆ ಬಾಳಿದ ಅನುಭವದಿಂದ ಅವರು ಬರೆದ ಪುಸ್ತಕ 1939ರಲ್ಲಿ ಹೊರಬಂತು. ಇತರ ವಿಶ್ವಾಸಿಗಳ ನಡುವೆ ಬಾಳುವುದು ಹಕ್ಕಲ್ಲ, ಕೃಪೆ ಎಂಬುದು ಅದರ ಮೊದಲ ಪಾಠ. ಸೆರೆಯವರಿಗೆ, ರೋಗಿಗಳಿಗೆ, ಒಂಟಿಯಾಗಿ ಚದುರಿದವರಿಗೆ ಆ ಕೃಪೆ ಎಷ್ಟು ದೊಡ್ಡದೆಂದು ಅವರು ಬರೆದರು. ಆ ಪುಟಗಳನ್ನು ಓದಿದಾಗ ನಾಚಿಕೆಯಾಯಿತು. ಯಾರೂ ತಡೆಯದ ಬಾಗಿಲನ್ನು ನಾನು ದಾಟಿರಲಿಲ್ಲ.

ಮರಳಿ ಹೋದ ದಿನ ಯಾರಾದರೂ ಚುಚ್ಚಿ ಮಾತಾಡಿಯಾರು ಎಂಬ ಅಳುಕಿತ್ತು. ಯಾರೂ ಮಾತಾಡಲಿಲ್ಲ. ಬೆಂಚಿನಲ್ಲಿ ಸರಿದು ಜಾಗ ಕೊಟ್ಟರು. ಮೊದಲ ಹಾಡಿನಲ್ಲಿ ನನಗೆ ದನಿಯೇ ಏಳಲಿಲ್ಲ. ಸುತ್ತಲಿನವರು ಹಾಡಿದರು, ನನ್ನ ಪಾಲಿನದನ್ನೂ ಹಾಡಿದರು. ಹಾಡಲಾಗದ ದಿನ ಸಭೆ ನಮ್ಮ ಬದಲಿಗೆ ಹಾಡುತ್ತದೆ, ಪ್ರಾರ್ಥಿಸಲಾಗದ ದಿನ ಪ್ರಾರ್ಥಿಸುತ್ತದೆ. ಮನೆಯಲ್ಲಿ ಒಬ್ಬನೇ ಕೂತಾಗ ನನಗೆ ಇದು ಆಗಿರಲಿಲ್ಲ.

ನೇರಪ್ರಸಾರ ನಿಲ್ಲಿಸಿ ಎಂದು ನಾನು ಹೇಳಲಾರೆ. ಮಂಚ ಬಿಟ್ಟು ಏಳಲಾರದವರಿಗೆ, ರೋಗಿಯನ್ನು ಬಿಟ್ಟು ಬರಲಾಗದವರಿಗೆ, ಭಾನುವಾರವೂ ಪಾಳಿ ಇರುವ ನರ್ಸುಗಳಿಗೆ ಅದು ಬೇಕು. ಆದರೆ ಅವರಿಗೆ ಅದಷ್ಟೇ ಸಾಲದು. ಪ್ರಸಾರ ಕಳಿಸಿದ ಮಾತ್ರಕ್ಕೆ ಅವರ ಪಾಲು ಮುಟ್ಟಿತೆಂದು ಸಭೆ ಸುಮ್ಮನಾಗಬಾರದು. ಈಗ ಆರಾಧನೆಯ ನಂತರ ನಮ್ಮ ಸಾಲಿನ ಕೆಲವರು ಸೇರಿ, ಬಾರದವರ ಮನೆಗೆ ಹೋಗುತ್ತೇವೆ. ಒಂದು ಕೀರ್ತನೆ ಓದಿ, ಅವರಿಗೆ ಬೇಕಾದ ಹಾಡು ಹಾಡಿ, ಪ್ರಾರ್ಥಿಸಿ ಬರುತ್ತೇವೆ. ಮಾಸ್ತರರಿಗೆ ನಾನು ಸಲ್ಲಿಸದೆ ಉಳಿಸಿಕೊಂಡ ಋಣ ಇದರಿಂದ ತೀರುವುದಿಲ್ಲ. ಅದು ತೀರುವಂಥದ್ದೂ ಅಲ್ಲ.

ನನ್ನಂತೆ ಕಾರಣವಿಲ್ಲದೆ ಮನೆಯಲ್ಲೇ ಉಳಿದವರು ಇದನ್ನು ಓದುತ್ತಿದ್ದರೆ ಒಂದು ವಿನಂತಿ. ಬರುವ ಭಾನುವಾರ ಹೋಗಿ. ಪ್ರಸಂಗ ಸಪ್ಪೆ ಇರಬಹುದು, ಹಾಡು ಶ್ರುತಿ ತಪ್ಪಬಹುದು, ಮನಸ್ಸು ಬಾರದಿರಬಹುದು. ಆದರೂ ಹೋಗಿ, ಪಕ್ಕದಲ್ಲಿ ಕೂತವರನ್ನು ಮಾತಾಡಿಸಿ. ಪಕ್ಕದ ಜಾಗ ಖಾಲಿ ಇದ್ದರೆ, ಆರಾಧನೆ ಮುಗಿದೊಡನೆ ಅಲ್ಲಿ ಕೂಡುವವರ ಮನೆಗೆ ನೇರ ನಡೆಯಿರಿ.