ಇತರೆ ಅನ್ನೋ ಕಾಲಂ

ನಾವು ನಾಲ್ಕು ಜನ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಹೀಗೆ ತಾಲ್ಲೂಕಿಗೊಬ್ಬರಂತೆ ಬಂದು ಒಂದೇ ಬೆಂಚಿಗೆ ಬಿದ್ದವರು. ಕ್ಲಾಸಿನಲ್ಲಿ ನಮ್ಮನ್ನು ‘ರೇಷ್ಮೆ ಗ್ಯಾಂಗ್’ ಅಂತಲೇ ಕರೆಯೋದು. ಕಳೆದ ವರ್ಷ ಎನ್ನೆಸ್ಸೆಸ್ ಶಿಬಿರಕ್ಕೆ ಕನಕಪುರ ತಾಲ್ಲೂಕಿನ ಒಂದು ಹಳ್ಳಿಗೆ ಏಳು ದಿನ ಹೋಗಿದ್ದೆವು. ಉಳಿದವರಿಗೆ ಚರಂಡಿ ಕ್ಲೀನ್ ಮಾಡೋ, ಗಿಡ ನೆಡೋ ಕೆಲಸ. ನಮಗೆ ಸಿಕ್ಕಿದ್ದು ಗ್ರಾಮ ಪಂಚಾಯಿತಿ ಲೈಬ್ರರಿ. “ಇಂಜಿನಿಯರಿಂಗ್ ಮಕ್ಳಲ್ವಾ, ಪುಸ್ತಕನೆಲ್ಲ ಕಂಪ್ಯೂಟರ್‌ಗೆ ಏರ್ಸ್ಬಿಡಿ” ಅಂದರು ಊರಿನವರು. ಗುದ್ದಲಿ ಹಿಡಿಯೋದು ತಪ್ಪಿತಲ್ಲ ಅಂತ ನಮಗೂ ಖುಷಿ.

ಎರಡೇ ದಿನದಲ್ಲಿ ಶೀಟ್ ರೆಡಿ. ಕಾದಂಬರಿ, ಮಕ್ಕಳ ಪುಸ್ತಕ, ಕೃಷಿ, ಸ್ಪರ್ಧಾತ್ಮಕ ಪರೀಕ್ಷೆ, ಧಾರ್ಮಿಕ, ಕೊನೆಗೆ ‘ಇತರೆ’. ಎಲ್ಲಿಗೂ ಸೇರದ್ದೆಲ್ಲ ಅಲ್ಲಿಗೆ. ಮೇಲೊಂದು ಸರ್ಚ್ ಬಾಕ್ಸ್ ಕೂಡ ಬರೆದು ಬೀಗಿದೆವು.

ಮೂರನೇ ದಿನ ಒಬ್ಬರು ತಾತ ಬಂದರು. ಮನೆಯಲ್ಲಿ ಮೂರನೇ ಜ್ವರ ಎದ್ದ ಹುಳುಗಳು ಬೆಳ್ಳಗೆ ಸೆಟೆದುಕೊಂಡು ಸಾಯ್ತಾ ಇದ್ದವಂತೆ. “ರೇಸ್ಮೆ ಉಳೀಗ್ ಬರೋ ಸುಣ್ಣಕಟ್ಟು ರೋಗದ ಬುಕ್ಕು ಐತಾ ಮಗಾ?” ಅಂದರು. ‘ಸುಣ್ಣಕಟ್ಟು’ ಅಂತ ಟೈಪ್ ಮಾಡಿದೆವು. ಸೊನ್ನೆ. ಅವರು ಹೇಳಿದಂತೆಯೇ ‘ರೇಸ್ಮೆ’ ಅಂತ ಹೊಡೆದೆವು. ಸೊನ್ನೆ. “ಇಲ್ಲ ತಾತ” ಅಂದುಬಿಟ್ಟೆವು. ಲೈಬ್ರರಿ ನೋಡಿಕೊಳ್ಳೋ ಅಕ್ಕ ಮಾತಾಡದೆ ಎದ್ದು, ಎರಡನೇ ಕಪಾಟಿನಿಂದ ಒಂದು ಪುಸ್ತಕ ತೆಗೆದು ಅವರ ಕೈಗಿಟ್ಟರು. ಹೆಸರು ‘ರೇಷ್ಮೆ’ ಅಂತ ಶುರುವಾಗುತ್ತಿತ್ತು. ರೋಗದ ಮಾತೆಲ್ಲ ಒಳಗಿತ್ತು. ನಮ್ಮ ಸರ್ಚ್ ಶೀರ್ಷಿಕೆ ಬಿಟ್ಟು ಬೇರೇನೂ ನೋಡುತ್ತಿರಲಿಲ್ಲ, ಅದರಲ್ಲೂ ಒಂದಕ್ಷರ ಆಚೀಚೆ ಆದರೆ ಮುಗೀತು.

ಅದು ಬಗ್ ಅಂದುಕೊಂಡೆವು. ಆದರೆ ಮಾರನೇ ದಿನ ಆಗಿದ್ದು ಬಗ್ ಅಲ್ಲ.

ಲೈಬ್ರರಿಯಲ್ಲಿ ಒಂದು ಕಟ್ಟು ಉರ್ದು ಪುಸ್ತಕ ಇದ್ದವು. ಓದಲು ಬಾರದ ನಾವು ಮೂವರು ‘ಉರ್ದು 1, ಉರ್ದು 2’ ಅಂತ ಬರೆದು ಇತರೆಗೆ ಸೇರಿಸಿದ್ದೆವು. ಆ ದಿನ ಅಡುಗೆ ಡ್ಯೂಟಿಯಲ್ಲಿದ್ದ ನಮ್ಮ ಚನ್ನಪಟ್ಟಣದವಳು ಶೀಟ್ ನೋಡಿದ್ದು ಆಮೇಲೆ. ಅವಳ ಮನೆಮಾತು ಉರ್ದು. “ಇದು ಕಾದಂಬರಿ. ಇದು ಮಕ್ಕಳ ಕಥೆ. ಕನ್ನಡದ್ದಾದ್ರೆ ಕಾದಂಬರಿ, ಉರ್ದುದಾದ್ರೆ ಇತರೆನಾ? ನಮ್ಮ ತಾತ ಆಲೆ ಮರದಲ್ಲಿ ಗೊಂಬೆ ಮಾಡೋರು. ಓದ್ತಿದ್ದದ್ದು ಉರ್ದು ಒಂದೇ. ನಿಮ್ಮ ಶೀಟಲ್ಲಿ ಅವ್ರು ಏನ್ ಹುಡುಕಿದ್ರೂ ಇತರೆಗೇ ಹೋಗ್ಬೇಕು.”

ನಮ್ಮಲ್ಲೇ ಒಬ್ಬಳು ನಮಗೆ ‘ನಿಮ್ಮ’ ಅಂದಿದ್ದು ಅವತ್ತೇ ಮೊದಲು. ಮಧ್ಯಾಹ್ನ ಊಟಕ್ಕೆ ಅವಳು ಬೇರೆ ಸಾಲಿನಲ್ಲಿ ಕೂತಳು.

ಸಂಜೆ ಅಕ್ಕ ನಮ್ಮನ್ನೆಲ್ಲ ಕೂರಿಸಿ ಟೀ ಕೊಟ್ಟರು. ಅವರು ಕೆಲಸ ಮಾಡುತ್ತಲೇ ಗ್ರಂಥಾಲಯ ವಿಜ್ಞಾನದಲ್ಲಿ ಮಾಸ್ಟರ್ಸ್ ಓದುತ್ತಿದ್ದಾರೆ. “ದೊಡ್ಡೋರೂ ಇತರೆ ಇಟ್ಕೊಂಡವ್ರೆ ಕಣ್ರೋ” ಅಂತ ತಮ್ಮ ಪುಸ್ತಕ ಬಿಚ್ಚಿದರು. ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ತಂದ ದಶಾಂಶ ಪದ್ಧತಿಯಲ್ಲಿ 200 ಅಂದರೆ ಧರ್ಮ. 220ರಿಂದ 289ರವರೆಗೆ ಬೈಬಲ್ ಮತ್ತು ಕ್ರೈಸ್ತ ಧರ್ಮ. ಮಿಕ್ಕ ಧರ್ಮಗಳೆಲ್ಲ 290ರ ಒಂದು ಮನೆಯಲ್ಲಿ. ಇಂಗ್ಲಿಷ್ ಸಾಹಿತ್ಯಕ್ಕೆ 820 ಪೂರ್ತಿ. ಕನ್ನಡ ಸಾಹಿತ್ಯ 894.814, ಅಂದರೆ 890ರ ಒಳಗೆ. 890ರ ಹೆಸರೇನು ಗೊತ್ತಾ? ‘ಇತರ ಭಾಷೆಗಳ ಸಾಹಿತ್ಯ’.

ಕುವೆಂಪು ಕೂಡ ಇತರೆ! ಕನ್ನಡ ಸಂಘದ ಬ್ಯಾಡ್ಜ್ ಹಾಕಿಕೊಂಡಿದ್ದ ನಮಗೆ ಅದು ಚುರುಕ್ ಅಂತು. ಚನ್ನಪಟ್ಟಣದವಳು ನಮ್ಮ ಮುಖ ನೋಡಿ ನಕ್ಕಳು. “ಈಗ ಗೊತ್ತಾಯ್ತಾ?” ಅಂದಳು.

ಅಕ್ಕ ಇನ್ನೊಂದು ಮಾತು ಹೇಳಿದರು. ಎಸ್.ಆರ್. ರಂಗನಾಥನ್ ಗಣಿತದ ಮೇಷ್ಟ್ರಾಗಿದ್ದು ಗ್ರಂಥಪಾಲಕರಾದವರು. 1962ರಲ್ಲಿ ನಮ್ಮ ಬೆಂಗಳೂರಿನಲ್ಲೇ ಡಿಆರ್‌ಟಿಸಿ ಕಟ್ಟಿದವರು. 1931ರಲ್ಲಿ ಅವರು ಕೊಟ್ಟ ಐದು ಸೂತ್ರಗಳಲ್ಲಿ ಒಂದು, ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು ಅನ್ನುತ್ತದೆ. “ಐದೂ ಸೂತ್ರ ನಂಗೆ ಬಾಯಿಪಾಠ. ಆದ್ರೆ ಓದುಗ ಅಂದ್ರೆ ಯಾರು, ಅವ್ನು ಮನೇಲಿ ಯಾವ ಮಾತಾಡ್ತಾನೆ, ಕೇಳೋಕೆ ಯಾಕೆ ನಾಚ್ಕೋತಾನೆ, ಇದ್ನೆಲ್ಲ ಇಲ್ಲಿಗ್ ಬಂದ್ಮೇಲೆ ಕಲ್ತೆ. ಇದೂ ಒಂದ್ ಪೇಪರ್ ಆಗ್ಬೇಕಿತ್ತು” ಅಂದರು. ನಮಗೂ ಡೇಟಾಬೇಸ್ ಪಾಠದಲ್ಲಿ ನಾರ್ಮಲೈಸೇಶನ್ ಹೇಳಿಕೊಟ್ಟಿದ್ದಾರೆ. ಹುಡುಕೋಕೆ ಬರೋ ತಾತನ ಬಗ್ಗೆ ಯಾರೂ ಹೇಳಿರಲಿಲ್ಲ.

ರಾತ್ರಿ ಕೂತು ಶೀಟ್ ಒಡೆದು ಕಟ್ಟಿದೆವು. ಭಾಷೆಗೆ ಬೇರೆ ಕಾಲಂ, ವಿಷಯಕ್ಕೆ ಬೇರೆ. ಉರ್ದು ಹೆಸರುಗಳನ್ನು ಅವಳು ಎರಡೂ ಲಿಪಿಯಲ್ಲಿ ಬರೆದಳು. ‘ಜನ ಹೇಳೋ ಮಾತು’ ಅಂತ ಇನ್ನೊಂದು ಕಾಲಂ ಬಂತು. ಅದರಲ್ಲಿ ರೇಸ್ಮೆ, ಗೂಡು, ಸುಣ್ಣಕಟ್ಟು ಎಲ್ಲ ಸೇರಿದವು. ರಾಮನಗರದವನು ಊರಿನ ಹೆಸರುಗಳನ್ನು ಸೇರಿಸಿದ. ಅವನೂರು ಹಿಂದೆ ಕ್ಲೋಸ್‌ಪೇಟೆ, ಆ ಹೆಸರು ಇವತ್ತಿಗೂ ಕ್ಲೋಸ್‌ಪೇಟೆ ಗ್ರಾನೈಟಿನಲ್ಲಿದೆ. 2007ರಲ್ಲಿ ಹುಟ್ಟಿದ ರಾಮನಗರ ಜಿಲ್ಲೆ 2025ರಲ್ಲಿ ಬೆಂಗಳೂರು ದಕ್ಷಿಣ ಆಯಿತು. ಯಾವ ಹೆಸರು ಹೊಡೆದರೂ ಪುಸ್ತಕ ಸಿಗಬೇಕಲ್ಲ. ‘ಇತರೆ’ ಕಾಲಮ್ಮನ್ನು ಡಿಲೀಟ್ ಮಾಡಿದ್ದು ಅವಳೇ.

ಕೊನೇ ದಿನ ಕಾಡಂಚಿನ ಇರುಳಿಗರ ಕಾಲೋನಿಯ ಒಬ್ಬ ಹುಡುಗ ಬಾಗಿಲಲ್ಲಿ ನಿಂತ. “ಅಣ್ಣಾ, ನಮ್ ಮಾತಿನ್ ಬುಕ್ ಐತಾ?” ಈ ಸಲ ನಾವು ಸರ್ಚ್ ಮಾಡಲಿಲ್ಲ, ಕಪಾಟೆಲ್ಲ ಹುಡುಕಿದೆವು. ನಿಜವಾಗಲೂ ಇರಲಿಲ್ಲ. ಎಷ್ಟು ಕಾಲಂ ಹಾಕಿದರೂ ಇಲ್ಲದ ಪುಸ್ತಕಕ್ಕೆ ಏನು ಮಾಡೋದು? ಅಕ್ಕ ಒಂದು ಹೊಸ ನೋಟ್‌ಬುಕ್ ತೆಗೆದು ‘ಕೇಳಿದ್ದು, ಇಲ್ಲದ್ದು’ ಅಂತ ತಲೆಬರಹ ಹಾಕಿ, ಅವನ ಕೈಯಿಂದಲೇ ಮೊದಲ ಸಾಲು ಬರೆಸಿದರು.

ಮೊನ್ನೆ ಅಕ್ಕ ಫೋನ್ ಮಾಡಿದ್ದರು. ಆ ಪುಸ್ತಕ ಇನ್ನೂ ಸಿಕ್ಕಿಲ್ಲ. ಹುಡುಗ ಮಾತ್ರ ದಿನಾ ಬರ್ತಾನಂತೆ, ಒಳಗೇ ಕೂತು ಓದ್ತಾನಂತೆ.

ಈ ಸಲದ ಶಿಬಿರ ಮಾಗಡಿ ಕಡೆಗೆ. ಉರ್ದು, ತೆಲುಗು, ತಮಿಳು ಓದಲು ಬರೋರು ನಮ್ಮ ಜೊತೆ ಬನ್ನಿ. ಕೋಡಿಂಗ್ ನಾವು ನೋಡ್ಕೋತೀವಿ.